ತೆಪ್ಪದಲ್ಲಿ ಚೆಲುವಯ್ಯ ಇರಲಿಲ್ಲ

ಚೆಲುವಯ್ಯ ಅಂದು ಕುಡಿದಿರಲಿಲ್ಲ. ಕುಡಿತದ ಮಾತು ಹಾಗಿರಲಿ, ತೆಪ್ಪದಲ್ಲಿ ಅವನು ಇರಲೇ ಇಲ್ಲ. ಕಟ್ಟಿದ್ದ ಹಗ್ಗ ಬಿಚ್ಚಿದವಳು ನಾನು. ಹುಟ್ಟು ಹಿಡಿದವಳು ನಾನು. ತೆಪ್ಪದ ತಳ ತೂತು ಮಾಡಿದವಳೂ ನಾನೇ. ಆಮೇಲೆ ದಂಡೆಯ ಮೇಲೆ, ಎಲ್ಲರೆದುರು, ಅವನು ಮುಳುಗಿಸಿದ ಎಂದು ಹೇಳಿದವಳು — ಅದೂ ನಾನೇ.

ನೋಡಿ, ಈಗಲೂ ಕೈ ‘ಅವನು’ ಎಂದೇ ಬರೆಯುತ್ತದೆ. ಚೆಲುವಯ್ಯ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಇಲ್ಲಿಂದ ತಿದ್ದಿಕೊಳ್ಳುತ್ತೇನೆ.

ಇದಾಗಿ ನಲವತ್ತೊಂದು ವರ್ಷ. ನನಗೀಗ ಎಪ್ಪತ್ತನಾಲ್ಕು. ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಶನಿವಾರ ಸಂಜೆ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಷನ್ನಿಗೆ ಸಾಲುಗಟ್ಟಿ ನಿಂತು, ಒಬ್ಬೊಬ್ಬರೇ ಒಳಗೆ ಹೋಗಿ, ಐದು ನಿಮಿಷಕ್ಕೆ ಹಗುರಾಗಿ ಹೊರಗೆ ಬರುತ್ತಿದ್ದರು. ನಾವು ಉಳಿದವರು ವರಾಂಡದಲ್ಲಿ ಕೂತು ಹೊಟ್ಟೆಕಿಚ್ಚುಪಡುತ್ತಿದ್ದೆವು. ನಾನು ಇದನ್ನು ಹಗುರಾಗಲು ಬರೆಯುತ್ತಿಲ್ಲ. ಹಗುರಾಗುವ ಹಕ್ಕು ನನಗಿದೆ ಎಂದೂ ಅನ್ನಿಸುವುದಿಲ್ಲ.

ಬಿ.ಎ. ಮುಗಿಸುತ್ತಿದ್ದಂತೆ ನನ್ನನ್ನು ಕೆ.ಆರ್. ಪೇಟೆ ಕಡೆಯ ದೊಡ್ಡ ಒಕ್ಕಲು ಮನೆಗೆ ಕೊಟ್ಟರು. ಸಿಂಧಘಟ್ಟದವರೆಗೂ ಆ ಮನೆಯ ಗದ್ದೆಗಳಿದ್ದವು. ನನ್ನವರು ಸಾಧು, ಮನೆಯ ಯಜಮಾನಿಕೆ ಅವರ ಅಣ್ಣನದು, ಅಂದರೆ ನನ್ನ ಭಾವನದು. ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿಯಲು ಬಾರದ, ಬೆಳಿಗ್ಗೆ ಪೇಪರ್ ಓದುವ, ಹೀಲ್ಸ್ ಹಾಕುವ ನನ್ನನ್ನು ಅಲ್ಲಿ ‘ಇಂಗ್ಲಿಷ್ ಅಮ್ಮಣ್ಣಿ’ ಎನ್ನುತ್ತಿದ್ದರು. ಅರ್ಧ ತಮಾಷೆ, ಅರ್ಧ — ಇರಲಿ. ನನ್ನನ್ನು ಮನಸಾರೆ ಹಚ್ಚಿಕೊಂಡಿದ್ದವಳು ನಾದಿನಿ ವಸಂತ ಒಬ್ಬಳೇ.

ಅವಳ ಮದುವೆಗೆ ಇಪ್ಪತ್ತು ದಿನವಿತ್ತು. ಸೀರೆ ತೆಗೆಯಲು ನನ್ನನ್ನೂ ಅವಳನ್ನೂ ಕಾರಿನಲ್ಲಿ ಮೈಸೂರಿಗೆ ಕಳಿಸಿದ ಭಾವ, “ನೆಟ್ಟಗೆ ಹೋಗಿ ನೆಟ್ಟಗೆ ಬರ್ಬೇಕು ಕಣಮ್ಮ, ಅಲ್ಲಿ ಇಲ್ಲಿ ನಿಲ್ಬ್ಯಾಡಿ” ಎಂದಿದ್ದರು. ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಡ್ರೈವರ್ ಊಟಕ್ಕೆ ನಿಲ್ಲಿಸಿದ. ಹೊಳೆ ಹತ್ತಿರವಿತ್ತು. ಹೋಗೋಣ ಬಾ ಎಂದು ಕರೆದವಳು ನಾನು. ವಸಂತ ಅಲ್ಲ.

ಊರ ಅಂಚಿನಲ್ಲಿ ಒಂದು ಕಡವಿತ್ತು. ಆಚೆ ದಡದ ಹಳ್ಳಿಯವರನ್ನು ತೆಪ್ಪದಲ್ಲಿ ದಾಟಿಸುವ ಜಾಗ. ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದ ದೊಡ್ಡ ಬುಟ್ಟಿ — ತೆಪ್ಪವೆಂದರೆ ಅಷ್ಟೆ. ಅದರ ಪಕ್ಕ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದವರು ಚೆಲುವಯ್ಯ. ಒಂದು ಸುತ್ತು ಕರೆದುಕೊಂಡು ಹೋಗಿ ಎಂದೆ.

“ಒಂದ್ ಮುದ್ದೆ ಉಂಡು ಬತ್ತೀನಿ, ಕುಂತಿರ್ರವ್ವ. ಬೆಳಿಗ್ಗೆಯಿಂದ ಒಟ್ಟೆಗೇನೂ ಇಲ್ಲ” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಅತ್ತುವಾಗ ಚಪ್ಪಲಿ ಬುಟ್ಟು ಅತ್ತಿ. ತೆಪ್ಪದೊಳಕ್ಕೆ ಯಾರೂ ಮೆಟ್ಟಾಕ್ಕಂಡು ಬರಾಕಿಲ್ಲ.”

“ಯಾಕೆ, ತೆಪ್ಪಕ್ಕೂ ಮಡಿಯಾ?” ಎಂದಳು ವಸಂತ.

“ಗಂಗವ್ವನ ಮೇಲೆ ಓಗಾದಲ್ವಾ ತಾಯಿ?” ನಗುತ್ತಾ ದಂಡೆಯ ಮೇಲಿದ್ದ ತಮ್ಮ ಗುಡಿಸಲಿಗೆ ಹೋದರು.

ನನ್ನ ಕಿವಿಗೆ ಬಿದ್ದದ್ದು ಗಂಗವ್ವ ಮಾತ್ರ. ಸೂಪರ್‌ಸ್ಟಿಷನ್ ಎಂದುಕೊಂಡೆ. ಹಳ್ಳಿಯವರ ಇಂಥ ಮಾತಿಗೆ ಎದುರಾಡದೆ ಮುಗುಳ್ನಕ್ಕು ಸುಮ್ಮನಿರಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಹಾಗೇ ಮಾಡಿದೆ. ದಬ್ಬೆ ದಬ್ಬೆಯ ನಡುವೆ ಇರುವುದು ಬರೀ ಒಂದು ಪದರ ಡಾಂಬರಿನ ಚೀಲ, ಬಿರುಸಾಗಿ ತುಳಿದರೆ ಹರಿಯುತ್ತದೆ — ಹೊಳೆದಂಡೆಯ ಪ್ರತಿ ಕೂಸಿಗೂ ಗೊತ್ತಿದ್ದ ವಿಷಯ. ಗೊತ್ತಿಲ್ಲದವರೂ ಇರುತ್ತಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಹತ್ತು ನಿಮಿಷ ಕಾದೆವು. ಶಾಲೆಯ ಎಕ್ಸ್‌ಕರ್ಷನ್ನಿನಲ್ಲಿ ಊಟಿಯ ಕೆರೆಯಲ್ಲಿ ನಾನು ದೋಣಿ ನಡೆಸಿದ್ದೆ, ಒಂದು ಪ್ರೈಜ್ ಕೂಡ ಬಂದಿತ್ತು. “ಐ ಕ್ಯಾನ್ ರೋ, ವಸಂತ. ಅವನು ಬರುವಷ್ಟರಲ್ಲಿ ಒಂದು ಸುತ್ತು ಹೊಡೆದು ಬರೋಣ” ಎಂದೆ.

“ಬೇಡ ಅತ್ತಿಗೆ” ಎಂದಳು ಅವಳು. ಒಂದಲ್ಲ, ಎರಡು ಸಲ. ಇದನ್ನೂ ನಾನು ನಲವತ್ತು ವರ್ಷ ಯಾರಿಗೂ ಹೇಳಲಿಲ್ಲ.

ತೆಪ್ಪಕ್ಕೆ ಮುಂದು ಹಿಂದು ಇಲ್ಲ. ಬಲ್ಲವರು ಅಂಚಿಗೆ ಬಂದು ಎದುರಿನ ನೀರನ್ನು ಹುಟ್ಟಿನಿಂದ ತಮ್ಮತ್ತ ಎಳೆದುಕೊಳ್ಳುತ್ತಾರೆ. ತೆಪ್ಪ ಆ ಕಡೆಗೆ ಸಾಗುತ್ತದೆ. ನಾನು ಊಟಿಯ ದೋಣಿಯಲ್ಲಿ ಕಲಿತ ಹಾಗೆ ಪಕ್ಕದಲ್ಲಿ ಕೂತು ನೀರನ್ನು ಹಿಂದಕ್ಕೆ ತಳ್ಳಿದೆ. ಅದು ಬೀಸುವ ಕಲ್ಲಿನ ಹಾಗೆ ಇದ್ದಲ್ಲೇ ತಿರುಗತೊಡಗಿತು. ವಸಂತ ಮೊದಲು ನಕ್ಕಳು. ಆಮೇಲೆ ದಂಡೆ ದೂರವಾಗುವುದನ್ನು ಕಂಡು ನಗು ನಿಲ್ಲಿಸಿದಳು. ಮಳೆಗಾಲ ಮುಗಿದಿದ್ದರೂ ಸೆಳವಿತ್ತು. ನಾನು ಬಲವಾಗಿ ತಳ್ಳಿದಷ್ಟೂ ಅದು ಬಲವಾಗಿ ತಿರುಗಿತು. ನೀರಿನ ಮೇಲೆ ಬಾಗಿದ್ದ ಒಂದು ಕೊಂಬೆ ಹಿಡಿಯೋಣವೆಂದು ನಾನು ಎದ್ದು ನಿಂತೆ — ಹೀಲ್ ದಬ್ಬೆಗಳ ಸಂದಿಗೆ ಇಳಿಯಿತು. ಕಾಲು ಕಿತ್ತುಕೊಂಡೆ. ಆ ತೂತಿನಿಂದ ಒಂದು ಬೆರಳಿನಷ್ಟು ನೀರು ನೆಟ್ಟಗೆ ಮೇಲೆದ್ದಿತು. ಅದನ್ನೇ ನೋಡುತ್ತಾ ನಿಂತೆ. ಆಗ ಬಂಡೆ ಬಡಿಯಿತು, ತೆಪ್ಪ ಮಗುಚಿತು.

ಚೆಲುವಯ್ಯ ಉಣ್ಣುತ್ತಿದ್ದ ಕೈಯಲ್ಲೇ ಓಡಿ ಬಂದು ಹಾರಿದರು. ಬಂಡೆಗೂ ತೆಪ್ಪಕ್ಕೂ ನಡುವೆ ಸಿಕ್ಕಿದ್ದ ವಸಂತಳ ಕಾಲು ಬಿಡಿಸಿ ಅವಳನ್ನು ದಂಡೆಗೆ ತಂದರು. ಮತ್ತೆ ಬಂದು ನನ್ನನ್ನು ಎಳೆದೊಯ್ದರು. ಅಂಥ ಸೆಳವಿನಲ್ಲಿ ಎರಡು ಸಲ. ಅವರ ಹೆಂಡತಿ ಪುಟ್ಟಮ್ಮ ನಮ್ಮನ್ನು ಒಳಗೆ ಕೂರಿಸಿ, ಒಲೆ ಉರಿ ಮಾಡಿ, ಟ್ರಂಕಿನಿಂದ ಎರಡು ಸೀರೆ ತೆಗೆದರು. ಒಂದು ಅವರ ಧಾರೆ ಸೀರೆ. ಅದನ್ನು ನನಗೆ ಉಡಿಸಿದರು. ಯಾರ ಮನೆಯವರು, ಯಾವ ಜಾತಿ, ಯಾಕೆ ಹೀಗೆ ಮಾಡಿದಿರಿ — ಒಂದು ಪ್ರಶ್ನೆಯಿಲ್ಲ. ಗಂಡನ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ಮಡಕೆಯಲ್ಲಿ ಉಳಿದಿದ್ದ ಸಾರನ್ನು ಬಿಸಿ ಮಾಡಿ ನಮಗೆ ಲೋಟದಲ್ಲಿ ಕೊಟ್ಟರು. ಚೆಲುವಯ್ಯ ಬಿದಿರು ಸೀಳಿ ವಸಂತಳ ಕಾಲಿಗೆ ಆಸರೆ ಕಟ್ಟಿದರು. ತೆಪ್ಪ ಹೋದದ್ದರ ಬಗ್ಗೆ ಒಂದೇ ಮಾತು: “ಓಗ್ಲಿ ಬುಡಿ, ಜೀವ ಉಳೀತಲ್ಲ.”

ನಾನು ಆ ಸಾರು ಕುಡಿದೆ. ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು. ಇವತ್ತಿಗೂ ನೆನಪಿದೆ.

ಡ್ರೈವರ್ ಎಲ್ಲಿಂದಲೋ ಫೋನ್ ಮಾಡಿದ್ದ. ಭಾವ ಜೀಪಿನಲ್ಲಿ ನಾಲ್ಕು ಆಳುಗಳೊಂದಿಗೆ ಬಂದಿಳಿದರು. ತಂಗಿಯ ಕಾಲು ನೋಡಿದರು. ಮದುವೆಯ ಹುಡುಗಿ. ಅವರ ಮುಖ — ಆ ಮುಖ ನನ್ನ ಕಡೆ ತಿರುಗಿದರೆ ಮುಗಿಯಿತು, ತವರಿಗೆ ಅಟ್ಟಿಬಿಡುತ್ತಾರೆ ಎಂದುಕೊಂಡೆ. ಬರೆಯುವಾಗ ಇದು ಕಾರಣದಂತೆ ಕಾಣುತ್ತದೆ. ಕಾರಣವಲ್ಲ. ಹೆದರಿದ್ದೆ, ಅಷ್ಟೆ, ಪುಟ್ಟಮ್ಮ ಕೂಡ ಹೆದರಿದ್ದರು, ಅವರು ಸುಳ್ಳು ಹೇಳಲಿಲ್ಲ.

“ಯಾರ್ಲಾ ತೆಪ್ಪ ಬುಟ್ಟೋನು?” ಎಂದರು ಭಾವ.

ಚೆಲುವಯ್ಯ ನನ್ನನ್ನು ನೋಡಿದರು. ನಾನೇ ಹೇಳಲಿ ಎಂದು ನನಗೆ ಬಿಟ್ಟುಕೊಟ್ಟರು — ಆ ಮರ್ಯಾದೆ ನನಗೆ ಕೊಟ್ಟರು.

ನಾನು ಲೋಟ ನೋಡುತ್ತಾ ಹೇಳಿದೆ: “ಅವನೇ, ಭಾವ. ಕುಡಿದಿದ್ದ ಅಂತ ಕಾಣುತ್ತೆ.”

ಅಂತ ಕಾಣುತ್ತೆ! ನೇರವಾಗಿ ಯಾರ ಮೇಲೂ ಆಪಾದನೆ ಹೊರಿಸಬಾರದೆಂಬ ಕಾನ್ವೆಂಟಿನ ಮ್ಯಾನರ್ಸ್. ಆ ಎರಡು ಶಬ್ದ ಅಲ್ಲೇ ದಂಡೆಯ ಮೇಲೆ ಬಿದ್ದುಹೋದವು. ಉಳಿದದ್ದು ಊರೂರು ಸುತ್ತಿತು.

ಭಾವ ಅವರ ಕೆನ್ನೆಗೆ ಹೊಡೆದರು. “ಅವ್ರು ಕುಡಿಯಾಕಿಲ್ಲ ಸೋಮಿ, ಯಾವತ್ತೂ —” ಎಂದು ಪುಟ್ಟಮ್ಮ ಮುಂದೆ ಬಂದರು. ಚೆಲುವಯ್ಯ ತಡೆದರು. “ಸುಮ್ಕಿರಮ್ಮಿ. ಮೊದ್ಲು ಆ ಎಣ್ಮಗೀನ ಆಸ್ಪತ್ರೆಗೆ ಕರ್ಕಂಡೋಗ್ಲಿ.” ಹೊಡೆಸಿಕೊಂಡ ಅವರೇ ವಸಂತಳನ್ನು ಎತ್ತಿ ಜೀಪಿನಲ್ಲಿ ಮಲಗಿಸಿದರು.

ಮೂರನೆಯ ದಿನ ಭಾವ ಸ್ಟೇಷನ್ನಿನಲ್ಲಿ ಕಂಪ್ಲೇಂಟ್ ಬರೆಸಿದರು. ನಾನು ಇಂಗ್ಲಿಷಿನಲ್ಲಿ ಸೈನ್ ಹಾಕಿದೆ. ನನ್ನ ಸೈನ್ ಚೆನ್ನಾಗಿತ್ತು, ಎಲ್ಲರೂ ಹೊಗಳುತ್ತಿದ್ದರು. ಕುಡುಕನ ತೆಪ್ಪ ಯಾರು ಹತ್ತುತ್ತಾರೆ? ಊರವರು ಕಡವನ್ನು ಬೇರೆಯವರಿಗೆ ಕೊಟ್ಟರು. ಚೆಲುವಯ್ಯ ಚಿನಕುರಳಿ ಹತ್ತಿರದ ಕ್ವಾರಿಗೆ ಕಲ್ಲು ಒಡೆಯಲು ಹೋದರೆಂದು ಡ್ರೈವರ್ ಯಾವತ್ತೋ ಹೇಳಿದ. ಪುಟ್ಟಮ್ಮನ ಧಾರೆ ಸೀರೆ ಒಗೆದು, ಇಸ್ತ್ರಿ ಮಾಡಿ, ಕಳಿಸಬೇಕೆಂದು ಬೀರುವಿನಲ್ಲಿ ಇಟ್ಟಿದ್ದೆ. “ಅದ್ಯಾಕಮ್ಮ ಮಡಗೀಯ, ಯಾರಿಗಾದ್ರೂ ಕೊಟ್ಬುಡು” ಎಂದರು ಭಾವ. ಮನೆಗೆಲಸದವಳಿಗೆ ಕೊಟ್ಟೆ.

ವಸಂತಳ ಮದುವೆ ಎರಡು ತಿಂಗಳು ತಡವಾಗಿ ನಡೆಯಿತು. ಕುಂಟುತ್ತಲೇ ನಾಗಮಂಗಲಕ್ಕೆ ಹೋದಳು. ಹೊರಡುವ ಮುಂಚೆ ನನ್ನ ಕೋಣೆಗೆ ಬಂದು, “ಅತ್ತಿಗೆ, ಇವತ್ತು ಹೇಳ್ತೀರಾ, ನಾಳೆ ಹೇಳ್ತೀರಾ ಅಂತ ಕಾದೆ” ಎಂದಳು. ಅಷ್ಟೇ. ನನ್ನನ್ನು ಬಿಟ್ಟುಕೊಡಲಿಲ್ಲ, ಮತ್ತೆ ಹಚ್ಚಿಕೊಳ್ಳಲೂ ಇಲ್ಲ.

ಆಮೇಲೆ ನಾವು ಪಾಂಡವಪುರಕ್ಕೆ ಬಂದೆವು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಆನೆಸ್ಟಿ ಎಂಬ ವಿಷಯದ ಮೇಲೆ ಮಕ್ಕಳಿಂದ ಎಸ್ಸೇ ಬರೆಸಿದೆ. ಕೆಂಪು ಇಂಕಿನಲ್ಲಿ ತಿದ್ದಿದೆ. ನನ್ನವರು ತೀರಿಕೊಂಡರು. ಭಾವ ತೀರಿಕೊಂಡರು. ಇನ್ನು ಹೆದರಲು ಯಾರೂ ಉಳಿದಿರಲಿಲ್ಲ. ಆದರೂ ಹೇಳಲಿಲ್ಲ — ಹಾಗಾದರೆ ಅದು ಹೆದರಿಕೆಯೂ ಅಲ್ಲ.

ಕಳೆದ ಶ್ರಾವಣದಲ್ಲಿ ಮೈಸೂರಿನಿಂದ ಬಂದ ತಂಗಿಯ ಮೊಮ್ಮಕ್ಕಳು ತೆಪ್ಪ ಹತ್ತಬೇಕೆಂದು ಹಟ ಹಿಡಿದರು. ಅದೇ ಕಡವು, ಈಗ ಟೂರಿಸ್ಟುಗಳು, ಲೈಫ್ ಜಾಕೆಟ್. ನಮ್ಮ ತೆಪ್ಪದ ಶಿವಣ್ಣ, ನಲವತ್ತು ದಾಟಿದ ಆಳು, ಪಕ್ಕದ ತೆಪ್ಪದವನು ಮಕ್ಕಳನ್ನು ನಗಿಸಲೆಂದು ತಿರುಗಿಸುತ್ತಿದ್ದುದನ್ನು ಕಂಡು ಕೂಗಿದ: “ಲೇ, ಚೆಲುವಯ್ಯನಾಟ ಆಡ್ಬ್ಯಾಡ ಕಣ್ಲಾ, ನೆಟ್ಟಗೆ ಬುಡ್ಲಾ!”

ಯಾರು ಚೆಲುವಯ್ಯ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ನಡುಗಲೂ ಇಲ್ಲ.

“ಅವ್ನೊಬ್ಬ ಇದ್ನಂತೆ ಅಜ್ಜಿ, ಆ ಕಾಲ್ದಲ್ಲಿ. ಕುಡ್ದು ತೆಪ್ಪ ಬುಟ್ಟು ದೊಡ್ಮನೆ ಎಣ್ಮಕ್ಕಳ್ನ ಮುಳುಗುಸ್ಬುಟ್ನಂತೆ. ನಮ್ಮಲ್ಲಿ ಯಾರಾದ್ರೂ ತಪ್ಪು ಮಾಡುದ್ರೆ ಅವ್ನ ಎಸ್ರು ಇಡಿದೇ ಬಯ್ಯಾದು.” ನಗುತ್ತಲೇ ಹೇಳಿದ. ಚೆಲುವಯ್ಯ ಕ್ವಾರಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತರೆಂದೂ, ಹೆಂಡತಿ ಚಿನಕುರಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದೂ ಅವನೇ ತಿಳಿಸಿದ.

ಪಾಂಡವಪುರದಿಂದ ಚಿನಕುರಳಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಇಷ್ಟು ವರ್ಷ ಅಷ್ಟೇ ದೂರದಲ್ಲಿದ್ದೆವು.

ಹೋದೆ. ಪುಟ್ಟಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದರು. ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದರು. ಮೊದಲ ಮಾತು: “ಆ ಎಣ್ಮಗೀನ ಕಾಲು ಸರಿ ಓಯ್ತಾ?” ಚಪ್ಪಲಿ ಬಿಟ್ಟು ಜಗಲಿಯ ಕೆಳಗೆ ಕೂತೆ. ಆಮೇಲೆ ಎಲ್ಲ ಹೇಳಿದೆ. ಕಾಲು ಹಿಡಿಯಲು ಹೋದೆ, ಕಾಲು ಮಡಚಿಕೊಂಡರು.

“ನಂಗ್ಯಾಕೆ ಏಳ್ತೀರವ್ವ? ನಾನು ಅಲ್ಲೇ ಇದ್ನಲ್ಲ. ನೀವೊಂದ್ ಮಾತು ಆಡ್ತೀರೇನೋ ಅಂತ ನಿಮ್ ಮಕನೇ ನೋಡ್ತಾ ನಿಂತಿದ್ದೆ.” ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಅವ್ರು ಸಾಯೋಗಂಟ ಆ ಒಳೆ ದಂಡೆಗೆ ಕಾಲಿಕ್ನಿಲ್ಲ. ಏಳಾದಿದ್ರೆ ಅಲ್ಲೋಗಿ ಏಳಿ.”

ಅದಕ್ಕೂ ನಾನು ಮೂರು ತಿಂಗಳು ತೆಗೆದುಕೊಂಡೆ. ಮಂಡಿ ನೋವು, ಮಳೆ, ಕಣ್ಣಿನ ಆಪರೇಷನ್. ಕಳೆದ ಸೋಮವಾರ ಹೋದೆ.

ಗಿರಾಕಿಗಳಿರಲಿಲ್ಲ. ತೆಪ್ಪದವರು ನಾಲ್ಕೈದು ಜನ ಹೊಂಗೆಮರದ ಕೆಳಗೆ ಕೂತಿದ್ದರು. ಶಿವಣ್ಣ ನನ್ನನ್ನು ಕೈ ಹಿಡಿದು ಮೆಟ್ಟಿಲಿಳಿಸಿ, ಟವೆಲಿನಿಂದ ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿದ. “ಏನಜ್ಜಿ, ಇವತ್ತು ಒಬ್ರೇ ಬಂದಿದ್ದೀರಿ?” ಎಂದ. ನಾನು ಲೋಟ ಕೆಳಗಿಟ್ಟು ಹೇಳಿದೆ. ಎಲ್ಲವನ್ನೂ, ಮೊದಲಿನಿಂದ.

ಕೊನೆಗೆ ಶಿವಣ್ಣ ಕೇಳಿದ: “ಸ್ಟೇಷನ್ನಲ್ಲಿ ಸೈನ್ ಆಕಿದ್ದು?”

“ನಾನೇ.”

“ಅವ್ರೇ ನಿಮ್ಮನ್ನ ಎತ್ಕಂಡ್ ಬಂದ್ರು. ಅವ್ರ ಎಂಡ್ರು ಸೀರೆ ಉಡ್ಸುದ್ರು.”

“ಹೌದು.”

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಈ ಕಡವು ಆಮ್ಯಾಕೆ ಸಿಕ್ಕಿದ್ದು ನಮ್ಮಪ್ಪಂಗೆ” ಎಂದ, ನನಗಲ್ಲ, ತನ್ನವರಿಗೆ. “ನಾವು ಇಷ್ಟು ವರ್ಷ ಉಂಡಿದ್ದು —” ಆಮೇಲೆ ನನ್ನ ಕಡೆ ತಿರುಗಿ, “ನೀವಿನ್ನ ಒರಡಿ ಅಮ್ಮಾವ್ರೆ” ಎಂದ. ಬರುವಾಗ ಅಜ್ಜಿಯಾಗಿದ್ದೆ.

ಮುಂದಿನ ಭಾನುವಾರ ಭಾವನ ಮಕ್ಕಳೆಲ್ಲ ಕೆ.ಆರ್. ಪೇಟೆಯ ಮನೆಯಲ್ಲಿ ಸೇರುತ್ತಾರೆ. ಅಲ್ಲಿಯೂ ಹೇಳಬೇಕು. ಅದಕ್ಕೆ ಮೂರು ತಿಂಗಳು ತೆಗೆದುಕೊಳ್ಳುವುದಿಲ್ಲ.

ಆ ಸೋಮವಾರ ಹೊಳೆಯಿಂದ ಮೇಲಕ್ಕೆ ಹದಿನೇಳು ಮೆಟ್ಟಿಲು. ಪ್ರತಿಯೊಂದರಲ್ಲೂ ನಿಂತು, ಗೋಡೆ ಹಿಡಿದು ಹತ್ತಿದೆ. ಯಾರೂ ಕೈ ಕೊಡಲಿಲ್ಲ. ನಾನು ಕೇಳಲೂ ಇಲ್ಲ.