ಹುಣ್ಣಿಮಿ ತನಕಾ ಟೈಮ್ ಐತ್ರಿ

ಬೆಳಿಗ್ಗೆ ಆಧಾರ್ ಕಾರ್ಡು ಹುಡುಕುತ್ತ ಬೀರುವಿನ ಸೀರೆಗಳನ್ನೆಲ್ಲ ಕೊಡವಿದೆ. ಕಾರ್ಡು ಸಿಗಲಿಲ್ಲ. ಯಾವುದೋ ಮಡಿಕೆಯೊಳಗಿದ್ದ ಬನ್ನಿ ಎಲೆ ಮಾತ್ರ ಪುಡಿಪುಡಿಯಾಗಿ ಪಾದದ ಮೇಲೆ ಉದುರಿತು. ಈ ವಯಸ್ಸಿನಲ್ಲಿ ಬೆಳಬೆಳಿಗ್ಗೆ ಇವಳಿಗೆ ಆಧಾರ್ ಕಾರ್ಡು ಯಾಕೆ ಅಂತ ನೀವು ಕೇಳಬಹುದು. ಅದನ್ನು ತೋರಿಸಿದರೆ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ಸ್ವಾಮಿ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟವಳು ನಾನಲ್ಲ.

ಎಲೆಯನ್ನು ಗುಡಿಸುವ ಮನಸ್ಸಾಗದೆ ಮಂಚದ ಮೇಲೆ ಕುಳಿತೆ. ಆಗಷ್ಟೇ ತುಮಕೂರಿನಿಂದ ತಂಗಿ ವನಜ ಫೋನು ಮಾಡಿದ್ದಳು. ಅವಳ ಮನೆಯ ಹಿಂಬದಿಯಲ್ಲಿ ಒಂದು ರೂಮಿದೆ. ನಾನು ಧಾರವಾಡಕ್ಕೆ ಬಂದು ಮೂರು ವರ್ಷವಾಯಿತು, ಮೂರು ವರ್ಷವೂ ಅದಕ್ಕೆ ಬೀಗ ಹಾಕಿ ನನಗಾಗಿಯೇ ಇಟ್ಟಿದ್ದಾಳೆ. ಈಗ ಯಾರೋ ಕಾಲೇಜಿನ ಮೇಡಂ ಬಾಡಿಗೆಗೆ ಕೇಳುತ್ತಿದ್ದಾರಂತೆ. “ನೀನು ಬರ್ತೀಯೋ ಇಲ್ವೋ, ಇವತ್ತೇ ಹೇಳಿಬಿಡಕ್ಕ” ಎಂದಳು. ನೋಡೋಣ ಎಂದು ಫೋನಿಟ್ಟೆ. ಮೂರು ವರ್ಷದಿಂದ ಅದೇ ಉತ್ತರ. ಊರೆಲ್ಲ ನನ್ನನ್ನು ಹಠಮಾರಿ ಅನ್ನುತ್ತದೆ, ನಿಜವೇ. ಆದರೆ ಹಠಮಾರಿಗೂ ಒಂದು ಹಿಂಬಾಗಿಲು ಬೇಕಾಗುತ್ತದೆ, ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಸಾಕ್ಷಿಗಳು ಅತ್ತರೂ ವಕೀಲರು ಕೂಗಾಡಿದರೂ ತಲೆ ಎತ್ತದೆ ಬರೆದುಕೊಳ್ಳುವುದು ನನ್ನ ಕೆಲಸ. ಅದೆಷ್ಟು ರೂಢಿಯಾಗಿತ್ತೆಂದರೆ, ನಿವೃತ್ತಿಯಾದ ಮೇಲೂ ಯಾರಾದರೂ ಮಾತಾಡುತ್ತಿದ್ದರೆ ನನ್ನ ಬೆರಳು ತೊಡೆಯ ಮೇಲೆ ತಾನೇ ತಾನಾಗಿ ಗೀಚುತ್ತಿತ್ತು. ಮದುವೆ, ಮಕ್ಕಳು ಎಂಬ ತಾಪತ್ರಯವಿಲ್ಲ. ಎಲ್ಲಿ ಬೇಕಾದರೂ ಇರಬಹುದಾದವಳು ತಂಗಿಯ ಹಿಂದಿನ ರೂಮಿನಲ್ಲೇ ಯಾಕಿರಬೇಕು? ಹಿಂದೆ ಕಚೇರಿ ಕೆಲಸದ ಮೇಲೆ ಧಾರವಾಡಕ್ಕೆ ಬಂದಿದ್ದಾಗ ಇಲ್ಲಿಯ ಗಾಳಿ, ಇಲ್ಲಿಯ ಮಾತು ಮನಸ್ಸಿಗೆ ಹಿಡಿಸಿತ್ತು. ಮಾಳಮಡ್ಡಿಯಲ್ಲಿ ಒಂದು ಮಹಡಿ ಮನೆ ಹಿಡಿದೆ. ದೀಪಾವಳಿಯೊಳಗೆ ವಾಪಸ್ ಬಂದೇ ಬರ್ತೀಯ ಎಂದಳು ವನಜ. ಆ ಒಂದು ಮಾತೇ ಸಾಕಾಯಿತು, ಸತ್ತರೂ ಹೋಗಬಾರದು ಅಂತ ತೀರ್ಮಾನಿಸಿದೆ.

ತೀರ್ಮಾನ ಸುಲಭ, ಸ್ನೇಹ ಕಷ್ಟ. ಓಣಿಯ ಜನ ಕಂಡಾಗಲೆಲ್ಲ ಚಹಾ ಆತೇನ್ರಿ ಎನ್ನುವರು, ನಾನು ಆಯ್ತು ಎಂದು ಮುಂದೆ ಹೋಗುವೆ. ದಸರೆ ಬಂತು. ಇದೇ ಸಮಯ ಎಂದುಕೊಂಡು, ಬರುವಾಗ ತಂದಿದ್ದ ಅರ್ಧದಷ್ಟು ಗೊಂಬೆಗಳನ್ನು ಮೆಟ್ಟಿಲು ಕಟ್ಟಿ ಕೂರಿಸಿದೆ. ನಮ್ಮ ಕಡೆ ಗೊಂಬೆ ಕೂರಿಸಿದ ಮನೆಗೆ ಜನ ಬರುತ್ತಾರೆ, ಮನೆಯಾಕೆ ಬಾಗಿಲಲ್ಲಿ ನಿಂತು ಉಸಲಿ ಹಂಚುತ್ತಾಳೆ, ಅಷ್ಟೇ ಅವಳ ಕೆಲಸ. ದಶಮಿಯ ಸಂಜೆ ನಿಜಕ್ಕೂ ಜನ ಬಂದರು! ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿ, ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, ಬಂಗಾರಧಂಗ ಇರೂಣು ಎಂದು ಹೇಳಿ, ಉಸಲಿ ಮುಕ್ಕಿ, ಗಡಿಬಿಡಿಯಲ್ಲಿ ಇಳಿದು ಹೋದರು. ಬಂದ ಎಲೆಗಳನ್ನೆಲ್ಲ ಪಟ್ಟದ ಗೊಂಬೆಯ ಮುಂದೆ ಗುಡ್ಡೆ ಹಾಕಿ ಬೀಗಿದೆ. ಒಂದೇ ಸಂಜೆಯಲ್ಲಿ ಧಾರವಾಡ ಗೆದ್ದೆ ಅಂತ ವನಜಳಿಗೆ ಫೋನಿನಲ್ಲಿ ಕೊಚ್ಚಿಕೊಂಡೆ ಬೇರೆ.

ಮರುದಿನದಿಂದ ಚಹಾ ಆತೇನ್ರಿ ನಿಂತುಹೋಯಿತು. ಹಾಲಿನ ಅಂಗಡಿಯಲ್ಲಿ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಎದುರುಮನೆಯ ಗೌರಕ್ಕ, ಹತ್ತಿ ವ್ಯಾಪಾರದ ಮನೆತನದ ಎಪ್ಪತ್ತರ ಆಸುಪಾಸಿನ ಹೆಂಗಸು, ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ಕಂಡು ಮುಖ ತಿರುಗಿಸಿದರು. ಎರಡು ದಿನ ಮಂಚದ ಮೇಲೆ ಮಲಗಿ ವನಜಳ ಹಿಂದಿನ ರೂಮಿನ ಕಿಟಕಿಯನ್ನು ನೆನೆಸಿಕೊಂಡೆ. ಅತ್ತದ್ದೂ ಉಂಟು. ಮೂರನೇ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಆರೋಪವೇನೆಂದು ತಿಳಿಯದೆ ಶಿಕ್ಷೆ ಅನುಭವಿಸಲು ನಾನೇನು ಕೋರ್ಟು ಕಾಣದವಳೇ? ಚಪ್ಪಲಿ ಮೆಟ್ಟಿ ರಸ್ತೆ ದಾಟಿ, ಗೌರಕ್ಕನ ಕಟ್ಟೆಯ ಮುಂದೆ ನಿಂತು, ನನ್ನಿಂದ ಏನು ತಪ್ಪಾಯಿತು ಹೇಳಿ ಎಂದು ನೇರವಾಗಿ ಕೇಳಿದೆ.

ಗೌರಕ್ಕ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಓಣಿ ಮಂದಿ ಎಲ್ಲಾ ನಿಮ್ಮ ಮನಿಗೆ ಬಂದು ಬಂಗಾರ ಕೊಟ್ಟು ಹೋದ್ರು. ನೀವು ಒಬ್ಬರ ಹೊಸ್ತಿಲಾನೂ ತುಳೀಲಿಲ್ಲ. ನಾ ನಿಮಗಿಂತ ಹಿರೀಕಿ ಇದ್ದೇನ್ರಿ. ಹೊಸದಾಗಿ ಬಂದಾರ, ಬಂದ ಬರ್ತಾರ ಅಂತ ಬಾಗಿಲಾ ತಗದು ಕುಂತಿದ್ದೆ. ಮಲಗೂ ಹೊತ್ತಾದ ಮ್ಯಾಲೆ ಹಾಕ್ಕೊಂಡೆ.”

ಕೊಡುವ ಎಲೆಯನ್ನು ನಾನು ಬರೀ ತೆಗೆದುಕೊಳ್ಳುವ ಎಲೆ ಅಂದುಕೊಂಡಿದ್ದೆ. ನಮ್ಮ ಕಡೆಯ ಪದ್ಧತಿ, ಗೊಂಬೆ, ಉಸಲಿ ಎಲ್ಲ ತೊದಲುತ್ತ ಹೇಳಿದೆ. ಕೇಳಿ ಗೌರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಸೊಕ್ಕಿನಾಕಿ ಅಂತ ತಿಳಕೊಂಡಿದ್ವಿ, ನೀವು ಬರೇ ಹುಚ್ಚ್ಯವ್ವ ಎಂದರು. ಈಗ ಏನು ಮಾಡಲಿ, ಹಬ್ಬ ಮುಗಿದುಹೋಯಿತಲ್ಲ ಎಂದೆ.

“ಶೀಗಿ ಹುಣ್ಣಿಮಿ ತನಕಾ ಟೈಮ್ ಐತ್ರಿ. ಹೊಂಡ್ರಿ.”

ದಸರೆಯ ಹಿಂದೆಯೇ ಬರುವ ಆ ಹುಣ್ಣಿಮೆಯ ತನಕ ಎನ್ನುವುದು ಶಾಸ್ತ್ರವೋ ಅವರೇ ಆ ಕ್ಷಣಕ್ಕೆ ಮಾಡಿದ ಕಾನೂನೋ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಓಣಿಯವರು ಕೊಟ್ಟಿದ್ದ, ಈಗ ಒಣಗಿದ ಎಲೆಗಳನ್ನು ತಟ್ಟೆಗೆ ತುಂಬಿಕೊಂಡು ಅವರವರಿಗೇ ಕೊಡಲು ಹೊರಟೆ. ಗೌರಕ್ಕ ಮುಂದೆ, ನಾನು ಹಿಂದೆ. ಇವರಿಗೆ ಕೈಗೆ ಕೊಡ್ರಿ ಸಾಕು, ಇವರ ಕಾಲಿಗೆ ಬೀಳ್ರಿ ಎಂದು ಬಾಗಿಲು ಬಾಗಿಲಿಗೂ ಅವರ ಅಪ್ಪಣೆ. ಮೊಣಕಾಲು ನೋವಿನವಳು ಅಷ್ಟೊಂದು ಸಲ ಬಗ್ಗಿ ಎದ್ದದ್ದು ಆವತ್ತೇ. ತುದಿಮನೆಯ ಶಾಂತಾ ಟೀಚರ್, ನಿವೃತ್ತ ಪಿ.ಟಿ. ಮೇಡಂ, ನನ್ನ ಸರ್ಕಸ್ಸನ್ನು ಕಿಟಕಿಯಿಂದಲೇ ನೋಡುತ್ತಿದ್ದವರು, ನಾವು ಹೋಗುವಷ್ಟರಲ್ಲಿ ಕೊರಳಿನ ಸೀಟಿ ಊದಿ ಸ್ವಾಗತಿಸಿದರು. ಆ ಸೀಟಿಯನ್ನು ಅವರು ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ.

ಆ ಹುಣ್ಣಿಮೆಗೆ ಗೌರಕ್ಕ ನನ್ನನ್ನೂ ಶಾಂತಾ ಟೀಚರನ್ನೂ ಉಪ್ಪಿನಬೆಟಗೇರಿಗೆ, ತಮ್ಮನ ಹೊಲಕ್ಕೆ ಕರೆದುಕೊಂಡು ಹೋದರು. ಅಂದು ಬೆಳೆ ನಿಂತ ಭೂಮಿಗೆ ಅಡುಗೆ ಎಡೆ ಮಾಡಿ, ಆಮೇಲೆ ಹೊಲದ ತುಂಬ ಚೆಲ್ಲುತ್ತಾರೆ, ಚರಗ ಅಂತ ಹೆಸರು. ಒಬ್ಬರು ಚೆಲ್ಲುತ್ತ ನಡೆದರೆ ಹಿಂದಿನವರು ಗಂಟಲು ಬಿಚ್ಚಿ ಕೂಗಬೇಕು. ನನ್ನನ್ನು ಹಿಂದೆ ನಿಲ್ಲಿಸಿದರು. ಮೊದಲು ದನಿಯೇ ಏಳಲಿಲ್ಲ. ಇಷ್ಟು ವರ್ಷ ಬೇರೆಯವರ ಮಾತು ಬರೆದುಕೊಂಡವಳಿಗೆ ತನ್ನ ದನಿ ಎಲ್ಲಿದೆ ಅಂತಲೇ ಮರೆತುಹೋಗಿತ್ತು. ಶಾಂತಾ ಟೀಚರ್ ಬೆನ್ನಿಗೆ ಗುದ್ದಿದರು. ಕೂಗಿದೆ ನೋಡಿ, ಜೋಳದ ಮೇಲಿದ್ದ ಗುಬ್ಬಿಗಳೆಲ್ಲ ಪುರ್ರೆಂದವು. ಅಷ್ಟು ಸಂತೋಷ ನನಗೆ ಸರ್ವೀಸಿನಲ್ಲಿ ಒಂದು ದಿನವೂ ಆಗಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ಯಾವುದಾದರೂ ಊರಿನ ಬಸ್ಸು ಹತ್ತುವುದು, ಅಲ್ಲಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚುವುದು, ಕಂಡವರ ಜೊತೆ ಹರಟಿ ಮರಳುವುದು. ಒಮ್ಮೆ ಶಿರಗುಪ್ಪಿಯಲ್ಲಿ ಹರಟೆ ಹೆಚ್ಚಾಗಿ, ಕಣ್ಣೆದುರೇ ಬಸ್ಸು ಹೊರಟುಹೋಯಿತು. ಶಾಂತಾ ಟೀಚರ್ ಊದಿದ ಸೀಟಿಗೆ ಬಸ್ಸು ನಿಲ್ಲಲಿಲ್ಲ, ಹಿಂದೆ ಬರುತ್ತಿದ್ದ ಹತ್ತಿ ತುಂಬಿದ ಟ್ರ್ಯಾಕ್ಟರ್ ನಿಂತಿತು. ಮೂವರು ಮುದುಕಿಯರು ಹತ್ತಿಯ ರಾಶಿಯ ಮೇಲೆ ಕೂತು ಹುಬ್ಬಳ್ಳಿಗೆ ಬಂದೆವು. ಹತ್ತಿ ವ್ಯಾಪಾರದ ಮನೆಯ ಗೌರಕ್ಕ ದಾರಿಯುದ್ದಕ್ಕೂ ಎಳೆ ಜಗ್ಗಿ ನೋಡುತ್ತ, ಮಾಲು ಛಲೋ ಐತಿ ಎಂದು ಡ್ರೈವರನಿಗೆ ಸರ್ಟಿಫಿಕೇಟು ಕೊಟ್ಟರು. ಎಷ್ಟೋ ದಿನ ನನ್ನ ತುರುಬಿನಲ್ಲಿ ಹತ್ತಿ ಸಿಗುತ್ತಿತ್ತು. ಒಂದು ಗಮನಿಸಿದ್ದೀನಿ: ಈಗ ಬೆರಳು ತೊಡೆಯ ಮೇಲೆ ಗೀಚುವುದಿಲ್ಲ. ನಾನೇ ಮಾತಾಡುತ್ತಿರುವಾಗ ಅದಕ್ಕೆ ಪುರಸೊತ್ತೆಲ್ಲಿ?

ಉದುರಿದ ಎಲೆಯ ಪುಡಿಯನ್ನು ಅಂಗೈಗೆ ತೆಗೆದುಕೊಂಡು ವನಜಳಿಗೆ ಫೋನು ಹಚ್ಚಿದೆ. ರೂಮು ಕೊಟ್ಟುಬಿಡು ಎಂದೆ.

“ಹಾಗಾದ್ರೆ ನೀನು ಬರಲ್ಲ” ಎಂದಳು. ದನಿ ಒಡೆದಿತ್ತು.

“ಬರ್ತೀನಿ ಕಣೆ, ನೆಂಟಳಾಗಿ.” ಅಂಗೈ ಮುಚ್ಚಿಕೊಂಡು ಮುಂದುವರಿಸಿದೆ. “ರೂಮಲ್ಲಿ ನನ್ನ ಟ್ರಂಕಿದೆಯಲ್ಲ, ಮಿಕ್ಕ ಗೊಂಬೆಗಳದ್ದು. ಅದನ್ನು ತಗೊಂಡು ದಸರೆಗೆ ನೀನೇ ಇಲ್ಲಿಗೆ ಬಾ. ಎಲ್ಲಾ ಗೊಂಬೆನೂ ಕೂರಿಸೋಣ. ದಶಮಿ ಸಂಜೆ ಮಾತ್ರ ಮನೇಲಿ ಕೂರೋ ಹಾಗಿಲ್ಲ, ಈಗಲೇ ಹೇಳಿದ್ದೀನಿ. ಎದುರುಮನೇಲಿ ಒಬ್ಬರು ಬಾಗಿಲು ತೆಗೆದು ಕಾಯ್ತಾ ಇರ್ತಾರೆ.”

ಕೆಳಗೆ ಸೀಟಿ ಕೇಳಿಸಿತು, ಎರಡು ಸಲ. ಕಾರ್ಡು ಪರ್ಸಿನಲ್ಲೇ ಇತ್ತು. ಬಾಗಿಲೆಳೆದುಕೊಂಡು ಮೆಟ್ಟಿಲಿಳಿದೆ.