ಬೀಜದ ಅಂಗಡಿಯಲ್ಲಿ ಹೇಳಿದ ಸುಳ್ಳು

ಮಗಳು ಕಾಲೇಜಿಗೆಂದು ಧಾರವಾಡದ ಹಾಸ್ಟೆಲಿಗೆ ಹೋದ ವರ್ಷ ನಾನು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಯಜಮಾನರು ಬಸ್ ಡ್ರೈವರು. ದೂರದ ರೂಟು, ಮೂರು ದಿನಕ್ಕೊಮ್ಮೆ ಮನೆಗೆ ಬರುವವರು. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತುಹೋಗಿದ್ದೆ. ಹೊತ್ತು ಹೋಗಲು ಒಂದು ಕೆಲಸ ಬೇಕಿತ್ತು, ಅಷ್ಟೆ. ಸೀರೆ ಅಂಗಡಿಯವರು ಕರೆದಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ಅಂಗಡಿಯ ಮಾಲೀಕರು ಅರವತ್ತು ದಾಟಿದ ಸಾಹೇಬರು. ಗಿರಾಕಿಗಳ ಜೊತೆ ಕನ್ನಡ, ಮನೆಯಿಂದ ಫೋನು ಬಂದರೆ ಉರ್ದು. ಮೊದಲ ದಿನ ಒಂದೇ ಪ್ರಶ್ನೆ ಕೇಳಿದರು.

"ಅಕ್ಕಾರ, ಗಿಡಾ ಬೆಳಸೂ ರೂಢಿ ಐತೇನ್ರಿ?"

"ಇಲ್ರೀ ಸಾಹೇಬ್ರ" ಎಂದೆ. ಆ ಮಾತು ತೆಗೆಯುವುದೇ ನನಗೆ ಬೇಡವಾಗಿತ್ತು.

ನನ್ನ ತವರು ಗಳಗನಾಥದ ಹತ್ತಿರ. ಹೊಳೆಯ ನೀರು ಇಳಿದ ಮೇಲೆ ದಂಡೆಯ ಮಣ್ಣಿನಲ್ಲಿ ಅವ್ವ ಬದನೆ, ಸವತೆ, ಹಾಗಲ ಎಲ್ಲವನ್ನೂ ಬೆಳೆಯುತ್ತಿದ್ದಳು. ಮದುವೆಯಾಗಿ ಬ್ಯಾಡಗಿಗೆ ಬಂದಾಗ ಮನೆಯ ಹಿಂದೆ ಸಣ್ಣದೊಂದು ಹಿತ್ತಲಿತ್ತು. ಅಲ್ಲಿ ಮಲ್ಲಿಗೆ, ಕನಕಾಂಬರ, ತೊಂಡೆ, ಬಸಳೆ ಹಾಕಿಕೊಂಡು ಹದಿನಾಲ್ಕು ವರ್ಷ ಸುಖವಾಗಿದ್ದೆ. ಯಜಮಾನರೂ ಅವರ ತಮ್ಮನೂ ಮನೆ ಹಂಚಿಕೊಂಡಾಗ ಹಿತ್ತಲು ಮೈದುನನ ಪಾಲಿಗೆ ಹೋಯಿತು. ಅವನಿಗೆ ಮೆಣಸಿನಕಾಯಿ ಚೀಲ ಇಡಲು ಜಾಗ ಬೇಕಿತ್ತು, ಅವನದೇನೂ ತಪ್ಪಿರಲಿಲ್ಲ. ಆದರೆ ಮಲ್ಲಿಗೆಯ ಬುಡ ಅಗೆಯುವ ಸದ್ದು ಕೇಳಬಾರದೆಂದು ನಾನು ಅಡುಗೆಮನೆಯಲ್ಲಿ ಖಾಲಿ ಮಿಕ್ಸರ್ ಹಚ್ಚಿಕೊಂಡು ನಿಂತಿದ್ದೆ. ಆಮೇಲೆ ರಾಣೆಬೆನ್ನೂರಿಗೆ ಬಂದೆವು. ಆರು ವರ್ಷ ಒಂದು ಕುಂಡವನ್ನೂ ಇಡಲಿಲ್ಲ. ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ತೋರಣ ಕಟ್ಟಿದ್ದೆ.

ಅಂಗಡಿಯ ಕೆಲಸಕ್ಕೆ ಬೇಗ ಒಗ್ಗಿಕೊಂಡೆ. ಯಾವ ಪಾಕೀಟು ಯಾವ ಕಪಾಟಿನಲ್ಲಿದೆ, ಯಾವುದರ ತಾರೀಖು ಮುಗಿಯುತ್ತ ಬಂದಿದೆ ಎಂದು ನೆನಪಿಟ್ಟುಕೊಂಡರೆ ಸಾಕಿತ್ತು. ಪಾಕೀಟಿನೊಳಗೆ ಇರುವುದು ಬೀಜ ಎನ್ನುವುದನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳುತ್ತಿರಲಿಲ್ಲ.

ಸಂಕ್ರಾಂತಿ ಹತ್ತಿರವಿದ್ದ ಚಳಿಯ ದಿನಗಳು. ಐರಣಿಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಬಂದರು. ಹದಿನೈದು ದಿನದ ಹಿಂದೆ ನಾನೇ ಕೊಟ್ಟಿದ್ದ ಹಾಗಲ ಬೀಜದ ಪಾಕೀಟು ಅವರ ಕೈಯಲ್ಲಿತ್ತು, ಖಾಲಿ.

"ಯವ್ವಾ, ಗಿರಣಿ ಬಾಜೂಕ ನಮ್ಮ ಮನಿ. ಮನಿ ಹಿಂದ ಜಾಗಾ ಹಸನ ಮಾಡಿ ಹಾಕಿದ್ನಿ. ಒಂದೂ ನಾಟಿಲ್ಲ, ಮೊಳಕಿನ ಒಡದಿಲ್ಲ ನೋಡು" ಎಂದರು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆಲ್ಲ ನನ್ನ ಮುಖವನ್ನೇ ನೋಡಿದರು. ಏನು ಹೇಳಬೇಕೋ ತಿಳಿಯದೆ, "ಬೀಜ ಚಲೋ ಅದಾವ್ರಿ. ನಾನೂ ಇದನ್ನ ಮನ್ಯಾಗ ಹಾಕೇನಿ, ಎಲ್ಲಾ ನಾಟ್ಯಾವ" ಎಂದುಬಿಟ್ಟೆ.

ಅವರು ಜಗಳ ತೆಗೆದಿದ್ದರೆ ಒಳ್ಳೆಯದಿತ್ತು. ಪಾಕೀಟನ್ನು ತಿರುಗಿಸಿ ನೋಡಿ, "ಹಂಗಾದ್ರ ನನ್ನ ಕೈಯಾಗ ದೋಷ ಐತಿ. ವಯಸ್ಸಾತಲ್ಲ, ಮಣ್ಣ ಮಾತ ಕೇಳೂದಿಲ್ಲ" ಎಂದು ಮೆಲ್ಲಗೆ ಮೆಟ್ಟಿಲಿಳಿದು ಹೋದರು.

ಗಿರಾಕಿಗಳು ಹೋದ ಮೇಲೆ ಸಾಹೇಬರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು. "ಯಾವಾಗ ಹಾಕಿದ್ರಿ ಅಕ್ಕಾರ?"

"ಹಾಕಿಲ್ರಿ" ಎಂದೆ. ಅವರು ಬೈಯಲಿಲ್ಲ. ಕಪಾಟಿನಿಂದ ಅದೇ ಹಾಗಲದ ಪಾಕೀಟೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಒಯ್ರಿ. ಹೇಳಿದ್ದನ್ನ ಖರೇ ಮಾಡ್ರಿ."

ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ತಾರಸಿಯ ಮೇಲಿಟ್ಟು ಹತ್ತು ಬೀಜ ಹಾಕಿದೆ. ಮಣ್ಣು ಮುಟ್ಟುವಾಗ ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಾಲುಗಳು ತಾವಾಗಿ ಮೇಲೆ ಹತ್ತುತ್ತಿದ್ದವು. ಹನ್ನೆರಡು ದಿನವಾದರೂ ಒಂದು ಬೀಜವೂ ತಲೆ ಎತ್ತಲಿಲ್ಲ. ಅಗೆದು ನೋಡಿದರೆ ಹಾಕಿದ ಹಾಗೆಯೇ ಗಟ್ಟಿಯಾಗಿದ್ದವು. ಐರಣಿಯ ಆ ಹೆಣ್ಣುಮಗಳ ಕೈಯಲ್ಲಿ ದೋಷವಿರಲಿಲ್ಲ.

ಬೀಜವನ್ನು ಬೆರಳಲ್ಲಿ ಹೊರಳಿಸುತ್ತ ಕೂತಾಗ ಅವ್ವ ನೆನಪಾದಳು. ಚಳಿಗಾಲದಲ್ಲಿ ಅವಳು ಹಾಗಲ ಬೀಜವನ್ನು ನೇರವಾಗಿ ಮಣ್ಣಿಗೆ ಹಾಕುತ್ತಲೇ ಇರಲಿಲ್ಲ. ತುದಿಯನ್ನು ಹಗುರಾಗಿ ಚಿವುಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಒದ್ದೆ ಅರಿವೆಯಲ್ಲಿ ಸುತ್ತಿ ಒಲೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. "ಚಳ್ಯಾಗ ನಮಗ ಕೌದಿ ಬೇಕಲ್ಲ, ಅವಕ್ಕೂ ಬೇಕು" ಎನ್ನುತ್ತಿದ್ದಳು. ಇಷ್ಟು ವರ್ಷ ಇದು ನನ್ನೊಳಗೆ ಎಲ್ಲಿ ಅಡಗಿತ್ತೋ ಗೊತ್ತಿಲ್ಲ.

ಪಾಕೀಟಿನಲ್ಲಿ ಉಳಿದಿದ್ದ ಬೀಜಗಳನ್ನು ಅವ್ವನ ಹಾಗೆಯೇ ಚಿವುಟಿ, ನೆನೆಸಿ, ಒದ್ದೆ ಅರಿವೆಯಲ್ಲಿ ಕಟ್ಟಿದೆ. ನಮ್ಮ ಮನೆಯಲ್ಲಿ ಕಟ್ಟಿಗೆ ಒಲೆ ಇಲ್ಲ. ಅರಿವೆಯ ಗಂಟನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಹಿಂದೆ, ಬಿಸಿ ಬರುವ ಕಡೆ ಇಟ್ಟೆ. ಐದನೆಯ ದಿನ ಬಿಚ್ಚಿದರೆ ಎಂಟು ಬೀಜಗಳು ಬಾಯಿ ಬಿಟ್ಟು ಬಿಳಿ ಬೇರು ಚಾಚಿದ್ದವು. ಅಡುಗೆಮನೆಯ ನೆಲದ ಮೇಲೆಯೇ ಕೂತೆ. ಹಾಲು ಉಕ್ಕಿ ಹೋದದ್ದು ವಾಸನೆ ಬಂದ ಮೇಲೆ ತಿಳಿಯಿತು. ಯಜಮಾನರು ಮನೆಯಲ್ಲಿದ್ದರು. ಓಡಿ ಬಂದು ಗ್ಯಾಸ್ ಆರಿಸಿ, ನನ್ನ ಕೈಯೊಳಗೆ ಬಗ್ಗಿ ನೋಡಿ, "ಮತ್ತ ಶುರು ಆತೇನು?" ಎಂದರು. ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ನಾಲ್ಕು ಬೀಜ ನನ್ನ ಬಕೆಟ್ಟಿಗೆ ಹಾಕಿದೆ. ಇನ್ನು ನಾಲ್ಕನ್ನು ಅರಿವೆ ಸಮೇತ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ರಜೆಯ ದಿನ ಐರಣಿ ಬಸ್ಸು ಹತ್ತಿದೆ. ಗಿರಣಿ ಎಲ್ಲಿದೆ ಎಂದು ಕೇಳಿಕೊಂಡು ಹೋದೆ. ಅವರು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಯಮ್ಮಾ, ಅವತ್ತ ನಾ ಸುಳ್ಳ ಹೇಳಿದ್ನಿರಿ. ಬೀಜ ನಾ ಹಾಕೇ ಇರಲಿಲ್ಲ. ಆಮ್ಯಾಲ ಹಾಕಿದ್ನಿ, ನನಗೂ ನಾಟಲಿಲ್ಲ. ತಪ್ಪ ನಿಮ್ಮ ಕೈದಲ್ರಿ, ಚಳೀದು" ಎಂದು ಒಂದೇ ಉಸಿರಿಗೆ ಹೇಳಿ ಡಬ್ಬಿ ತೆರೆದೆ.

ಅವರು ಬೀಜಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಹೇಳಾಕ ಬಸ್ ಹತ್ತಿ ಬಂದೀ?"

"ಹೌದ್ರಿ."

"ಹುಚ್ಚಿ ಅದೀ ನೀನು. ಏಳು, ಬಿಸಲ ಏರೂದ್ರಾಗ ಹಾಕೂಣು."

ಅವರು ಕಳೆ ತೆಗೆಯುವ ಕುರ್ಚಿಗಿಯಿಂದ ಕುಣಿ ತೋಡಿದರು. ನಾನು ಬೀಜವನ್ನು ಅಡ್ಡವಾಗಿಟ್ಟು, ಬೇರು ಮುರಿಯದಂತೆ ಪುಡಿಮಣ್ಣು ಉದುರಿಸಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. "ಯಾರ ಕಲಿಸ್ಯಾರ ನಿನಗ?" ಎಂದರು. "ನಮ್ಮವ್ವರಿ" ಎಂದೆ. ಅವ್ವ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅವಳ ಬಗ್ಗೆ ಅಷ್ಟು ಸಲೀಸಾಗಿ ನಾನು ಯಾರ ಮುಂದೆಯೂ ಮಾತಾಡಿರಲಿಲ್ಲ. ಆ ದಿನ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತ ಮಧ್ಯಾಹ್ನದವರೆಗೂ ಮಾತಾಡಿದೆ. ಹೊರಡುವಾಗ ಅವರು ತಮ್ಮ ಗಡಿಗೆಯಿಂದ ಒಂದು ಹಿಡಿ ಅವರೆಬೀಜ ತೆಗೆದು ನನ್ನ ಸೆರಗಿಗೆ ಹಾಕಿದರು.

ಈಗ ಮೂರು ವರ್ಷವಾಯಿತು. ತಾರಸಿಯ ಮೇಲೆ ನಡೆಯಲು ಒಂದು ಸಣ್ಣ ದಾರಿ ಬಿಟ್ಟರೆ ಉಳಿದದ್ದೆಲ್ಲ ಗಿಡವೇ. ಛಾವಣಿ ಸೋರುತ್ತದೆಂದು ಮೊದಲು ಹೆದರಿಸಿದ್ದ ಮನೆಯೊಡತಿ ಈಗ ಕೊತ್ತಂಬರಿಗೆ ಮೇಲೆ ಬರುತ್ತಾರೆ. ಅಂಗಡಿಯಲ್ಲಿ ಹೊಸ ತಳಿಯ ಬೀಜ ಬಂದರೆ ಸಾಹೇಬರು ಮೊದಲು ಒಂದು ಪಾಕೀಟು ನನ್ನ ಚೀಲಕ್ಕೆ ಹಾಕುತ್ತಾರೆ. ಅದು ನಾಟಿತೋ ಇಲ್ಲವೋ ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇಲ್ಲವೆಂದರೆ ಅದನ್ನು ಕಪಾಟಿನಿಂದ ಇಳಿಸುತ್ತಾರೆ. ಆ ದಿನ ಅವರು ನನ್ನನ್ನು ಎಲ್ಲರ ಮುಂದೆ ಬೈದು ಕೆಲಸದಿಂದ ತೆಗೆಯಬಹುದಿತ್ತು. ಐರಣಿಯ ಆ ತಾಯಿ ನನ್ನನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಬಹುದಿತ್ತು. ಇಬ್ಬರೂ ಹಾಗೆ ಮಾಡಲಿಲ್ಲ.

ಬೆಳಿಗ್ಗೆ ನೀರು ಹಾಕಿ, ಒಣಗಿದ ಎಲೆ ತೆಗೆದು, ಉಗುರಿನ ಮಣ್ಣು ತೊಳೆದುಕೊಳ್ಳುವಷ್ಟರಲ್ಲಿ ದಿನಾ ಹತ್ತು ನಿಮಿಷ ತಡವಾಗುತ್ತದೆ. ಸಾಹೇಬರು ಗಡಿಯಾರ ನೋಡುತ್ತಾರೆ. ಯಾವುದು ಹೂ ಬಿಟ್ಟಿದೆ ಎಂದು ಕೇಳುತ್ತಾರೆ.