ನೀರು ಬಿಡುತ್ತಿದ್ದ ತಾತ

ಅವರ ಬಲಗೈ ತೋರುಬೆರಳು ತುದಿಯ ಹತ್ತಿರ ಸೊಟ್ಟಗೆ ಬಾಗಿತ್ತು. ಯಾವುದೋ ಕಾಲದಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಸರಳು ಜಾರಿ ಬಡಿದದ್ದಂತೆ. ಮುರಿದ ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು. ಆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, "ಇವತ್ತು ಬೇಡ, ನಾಳೆ ಸಂಜೆ ಹಾಕು" ಎನ್ನುತ್ತಿದ್ದರು. ನನಗೆ ತರಕಾರಿ ಬೆಳೆಯಲು ಕಲಿಸಿದವರು ಅವರು.

ಕೋಲಾರದ ಹೊರಗಿನ ನಮ್ಮ ಬಡಾವಣೆಗೆ ನೀರು ಬಿಡುವುದು ಅವರ ಕೆಲಸ. ಬೆಳಿಗ್ಗೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿ, ಸರದಿಯ ಪ್ರಕಾರ ಒಂದೊಂದು ಬೀದಿಗೆ ವಾಲ್ವ್ ತೆಗೆಯುತ್ತಿದ್ದರು. ಮುಳಬಾಗಿಲು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯವರು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಮೋಟರ್ ಮನೆಗೆ ಅಂಟಿಕೊಂಡ ಕೋಣೆಯಲ್ಲೇ ಮುದ್ದೆ ಬೇಯಿಸಿಕೊಂಡು ಇದ್ದರು. ಎಲ್ಲರಿಗೂ ಅವರು ತಾತ.

ನಮ್ಮ ಮನೆಗೂ ಆ ಟ್ಯಾಂಕಿಗೂ ನಡುವೆ ಒಂದು ಖಾಲಿ ಸೈಟು. ಅದರ ಯಜಮಾನರು ಬೆಂಗಳೂರಿನಲ್ಲಿದ್ದರು. ಏನಾದರೂ ಬೆಳೆದುಕೊಳ್ಳಿ ಎಂದರು. ನಾನು ತುಮಕೂರಿನ ಪೇಟೆ ಬೀದಿಯಲ್ಲಿ ಬೆಳೆದವಳು, ನರಸಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಇಳಿಯುವುದು ಸಂಜೆ. ಪಾರ್ಥೇನಿಯಂ ಕಿತ್ತು, ಎಲ್ಲಿಂದಲೋ ಹಸಿ ಸಗಣಿ ತರಿಸಿ ಸುರಿದು, ಒಂದು ಭಾನುವಾರ ಸುಡು ಮಧ್ಯಾಹ್ನ ಬದನೆ ಸಸಿ ನೆಟ್ಟೆ. ಎರಡು ಹೊತ್ತೂ ಬಕೆಟ್ಟುಗಟ್ಟಲೆ ನೀರು ಸುರಿದೆ. ವಾರದೊಳಗೆ ಅರ್ಧ ಸಸಿ ಸುಟ್ಟ ಹಾಗೆ ಕಂದಿದವು, ಉಳಿದವು ಬುಡ ಕೊಳೆತು ಮಲಗಿದವು.

"ಯಾರಮ್ಮ ಇವನ್ನ ಕೊಂದಿದ್ದು?" ತಾತ ಬೇಲಿಯಾಚೆಯಿಂದ ಕೇಳಿದರು.

"ನಾನೇ ತಾತ."

"ಹಸಿ ಸಗಣಿ ಬೆಂಕಿ ಇದ್ದಂಗೆ ಕಣಮ್ಮ. ಚೆನ್ನಾಗಿ ಕೊಳೀಬೇಕು. ಮೇಲಿಂದ ಕೆರೆ ಬೇರೆ ಮಾಡಿದೀಯ. ಇದು ಬದನೆ, ಭತ್ತ ಅಲ್ಲ."

ಮಾರನೆಯ ಸಂಜೆಯಿಂದ ಪಾಠ ಶುರುವಾಯಿತು. ಸಸಿಯನ್ನು ಬಿಸಿಲು ಇಳಿದ ಮೇಲೆ ನೆಡಬೇಕು; ಮೂರು ದಿನ ಹೊಂಗೆಯ ರೆಂಬೆ ಚುಚ್ಚಿ ನೆರಳು ಮಾಡಬೇಕು. ದಂಟಿನ ಬೀಜವನ್ನು ಮರಳಿನಲ್ಲಿ ಬೆರೆಸಿ ಎರಚಬೇಕು, ಆಳಕ್ಕೆ ಹೂಳಬಾರದು. ಪಾತ್ರೆ, ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಹಿಡಿದಿಟ್ಟು ಗಿಡಕ್ಕೆ ಹಾಕುವುದನ್ನು ಹೇಳಿಕೊಟ್ಟವರೂ ಅವರೇ. ಬೀಜ ಹಾಕಿದ ಮರುದಿನವೇ ನಾನು ಮಣ್ಣು ಕೆದಕಿ ನೋಡುತ್ತಿದ್ದರೆ, "ತೊಂದರ ಯಾಲ ತಲ್ಲೀ?" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ, "ಏನೂ ತೊಂದರೆ ಇಲ್ಲ ತಾತ" ಎಂದುಬಿಟ್ಟಿದ್ದೆ. ಅವರ ತೆಲುಗಿನಲ್ಲಿ ಅದಕ್ಕೆ 'ಅವಸರ ಯಾಕಮ್ಮ' ಎಂದು ಅರ್ಥವಂತೆ. ಗೊತ್ತಾದ ಮೇಲೆ ಇಬ್ಬರೂ ನಕ್ಕಿದ್ದೆವು.

ಮೊದಲ ಹುರುಳಿಕಾಯಿ ಬಿಟ್ಟಾಗ ಒಂದು ಹಿಡಿ ಕಿತ್ತು ಕೊಟ್ಟೆ. ಒಂದೇ ಒಂದು ಎಳೆಯ ಕಾಯಿ ತೆಗೆದು ಹಸಿಯಾಗಿ ಕಡಿದು ತಿಂದು, ಉಳಿದದ್ದನ್ನು ನನ್ನ ಕೈಗೇ ವಾಪಸ್ಸು ಹಾಕಿದರು. "ನಿನ್ನ ಮಗೂಗೆ ಪಲ್ಯ ಮಾಡಿಕೊಡು." ಬಾಡಿದ ಗಿಡದ ಮುಂದೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲ. ಯಾರ ಮನೆಯ ಮುಂದಿನದಾದರೂ ಸರಿ, ಒಂದು ಚೊಂಬು ನೀರು ಹಾಕಿಯೇ ಮುಂದೆ ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ತಂಗಿಯ ಮದುವೆಗೆಂದು ಮನೆಯವರೆಲ್ಲ ಹನ್ನೆರಡು ದಿನ ತುಮಕೂರಿಗೆ ಹೊರಟೆವು. ಬದನೆ ಮೊಗ್ಗು ಹಿಡಿದಿತ್ತು, ಟೊಮೆಟೊ ಕಾಯಿ ಕಚ್ಚಿತ್ತು. ಟ್ಯಾಂಕಿನ ಕೆಳಗಿನ ನಲ್ಲಿಯಿಂದ ದಿನಾ ಸಂಜೆ ಪೈಪು ಹಾಕಿ ನೀರು ಬಿಡಿ ಎಂದು ತಾತನನ್ನು ಕೇಳಿದೆ. ಅವರು ತಲೆ ಕೆರೆದುಕೊಂಡರು.

"ಒಂದು ಬೋರು ಕೈಕೊಟ್ಟೈತೆ. ಜನಕ್ಕೇ ಸಾಲ್ತಿಲ್ಲ ಕಣಮ್ಮ."

"ಹತ್ತು ನಿಮಿಷ ಬಿಟ್ಟರೆ ಏನಾಗುತ್ತೆ ತಾತ? ಯಾರು ಕೇಳ್ತಾರೆ? ಕೇಳಿದ್ರೆ ನಾನಿದ್ದೀನಲ್ಲ."

ತಾತ ಟ್ಯಾಂಕಿನ ಕಡೆ ಒಮ್ಮೆ ನೋಡಿದರು. ಹೂಂ ಎಂದರು.

ವಾಪಸ್ಸು ಬಂದಾಗ ತೋಟ ನಳನಳಿಸುತ್ತಿತ್ತು. ಖುಷಿ ತಡೆಯಲಾರದೆ ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಫೋಟೊದಲ್ಲಿ ಮಣ್ಣು ಒದ್ದೆಯಾಗಿತ್ತು. ಕೆಳಗೆ ಕೊನೆಯ ಬೀದಿಯ ಟೀಚರಮ್ಮ ಬರೆದರು: "ಇದಕ್ಕೆ ನೀರು ಎಲ್ಲಿಂದ ಬಂತು?" ಆ ಹನ್ನೆರಡು ದಿನ ಅವರ ಬೀದಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆಯಲು ಅವರು ಬಿಂದಿಗೆಯಲ್ಲಿ ನೀರು ಹೊತ್ತಿದ್ದರು.

ಭಾನುವಾರ ಬೆಳಿಗ್ಗೆ ಟ್ಯಾಂಕಿನ ಕೆಳಗೆ ಎಲ್ಲರೂ ಸೇರಿದರು. ತಾತ ಕೈಕಟ್ಟಿ ನಿಂತಿದ್ದರು. "ಜನ ನೀರಿಲ್ದೆ ಸಾಯ್ತಿದ್ರೆ ಯಾರನ್ನ ಕೇಳಿ ಬಿಟ್ಟೆಯಯ್ಯಾ?" ಎಂದರು ಬಡಾವಣೆ ಸಂಘದ ಅಧ್ಯಕ್ಷರು. ತಾತ ನನ್ನ ಕಡೆ ನೋಡಿದರು. ಅಧ್ಯಕ್ಷರೂ ತಿರುಗಿದರು.

"ನೀವೇನಾದ್ರೂ ಹೇಳಿದ್ರಾ ಮೇಡಂ?"

ಅಷ್ಟೂ ಜನರ ಕಣ್ಣು ನನ್ನ ಮೇಲಿತ್ತು. ಟೀಚರಮ್ಮನ ಕೆಂಪಗೆ ಬೊಬ್ಬೆ ಬಂದ ಅಂಗೈ ಕಾಣುತ್ತಿತ್ತು.

"ನಾನು ಊರಲ್ಲೇ ಇರ್ಲಿಲ್ಲ" ಎಂದೆ.

ಅದು ಸುಳ್ಳಲ್ಲ. ನಾನು ಊರಲ್ಲಿ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ನಿಜವನ್ನೇ ಹೇಳಿ ಒಬ್ಬ ಮನುಷ್ಯನನ್ನು ಮುಳುಗಿಸಬಹುದು ಎಂದು ನಾನು ಅವತ್ತು ಕಂಡುಕೊಂಡೆ.

ತಾತ ಇನ್ನೊಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ, "ಹೌದು ಸ್ವಾಮಿ. ಅಮ್ಮ ಊರಲ್ಲಿರ್ಲಿಲ್ಲ. ಗಿಡ ಬಾಡ್ತಿದ್ವು, ನಾನೇ ಬಿಟ್ಟೆ" ಎಂದರು. ಟೀಚರಮ್ಮ ಬಾಯಿಗೆ ಬಂದ ಹಾಗೆ ಬೈದರು. ಕಳ್ಳ ಎಂದರು. ಅಂದೇ ಸಂಘದವರು ತಾತನನ್ನು ಕೆಲಸದಿಂದ ತೆಗೆದರು.

ಮಧ್ಯಾಹ್ನ ಬಟ್ಟೆಯ ಗಂಟು, ಪಾತ್ರೆ ಹಿಡಿದು ಹೊರಟವರು ಬೇಲಿಯ ಹತ್ತಿರ ನಿಂತರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. "ಟೊಮೆಟೊಗೆ ಕಡ್ಡಿ ಕಟ್ಟಮ್ಮ, ಕಾಯಿ ಭಾರ ಆಗೈತೆ" ಎಂದು ಕೂಗಿ ಹೇಳಿದರು. ನಾನು ಹೊರಗೆ ಬರಲಿಲ್ಲ. ನಾಳೆ ಅಧ್ಯಕ್ಷರಿಗೆ ಎಲ್ಲ ಹೇಳುತ್ತೇನೆ ಎಂದುಕೊಂಡೆ. ಆ ನಾಳೆಯನ್ನು ಐದು ತಿಂಗಳು ತಳ್ಳಿದೆ. ಮಳೆ ಬಂತು, ಗಿಡಗಳು ಮೈತುಂಬ ಕಾಯಿ ಬಿಟ್ಟವು. ತಟ್ಟೆಯಲ್ಲಿ ಬದನೆಕಾಯಿ ಕಂಡರೆ ಪಕ್ಕಕ್ಕೆ ಸರಿಸುತ್ತಿದ್ದೆ; ಮನೆಯವರು ಕೇಳಿದರೆ ನನಗೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ.

ಕೊನೆಗೆ ದಸರಾ ರಜೆಯಲ್ಲಿ ಒಂದು ಚೀಲ ಬದನೆಕಾಯಿ ತುಂಬಿಕೊಂಡು, ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಅವರ ಹಳ್ಳಿಗೆ ಹೋದೆ. ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು. ತುಂಬ ಸೊರಗಿದ್ದರು. ನನ್ನನ್ನು ಕಂಡು ಒಳಗೆ ಕೂಗಿ ಟೀ ಮಾಡಿಸಿದರು. ಮಗು ಹೇಗಿದೆ ಎಂದು ಕೇಳಿದರು.

"ತಾತ, ಅವತ್ತು ನಾನು..."

ಉಳಿದದ್ದನ್ನು ಅವರೇ ಹೇಳಿದರು. "ನೀನು ಹೇಳ್ತೀಯ ಅಂತ ಕಾದೆ ಕಣಮ್ಮ. ಅಲ್ಲಿ ನಿಂತ್ಕೊಂಡು ಒಂದು ಗಳಿಗೆ ಕಾದೆ. ನೀನು ಹೇಳಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚೀಲದಿಂದ ಒಂದು ಬದನೆಕಾಯಿ ತೆಗೆದು ಒತ್ತಿ ನೋಡಿ, "ಬಲಿತೋಗೈತೆ. ಎರಡು ದಿನ ಮುಂಚೆ ಕುಯ್ಯಬೇಕಿತ್ತು" ಎಂದರು. ವಾಪಸ್ಸು ಬನ್ನಿ, ಸಂಘದವರಿಗೆಲ್ಲ ಹೇಳುತ್ತೇನೆ ಎಂದು ನಾನು ಅತ್ತುಬಿಟ್ಟೆ.

"ನಾನು ಬರಾಕಿಲ್ಲಮ್ಮ. ಆದ್ರೆ ನೀನು ಹೇಳು. ಆ ಟೀಚರಮ್ಮ ನನ್ನ ಕಳ್ಳ ಅಂದ್ಕೊಂಡೇ ಇರೋದು ಬೇಡ."

ಹೇಳುತ್ತೇನೆ ಎಂದು ಕೈ ಹಿಡಿದು ಬಂದೆ. ಸಂಘದ ಸಭೆ ಮುಂದಿನ ತಿಂಗಳಿತ್ತು. ಅಲ್ಲಿಯೇ ಎಲ್ಲರೆದುರು ಹೇಳೋಣ ಎಂದುಕೊಂಡೆ. ಟೀಚರಮ್ಮನ ಮನೆ ನಮ್ಮ ಮನೆಯಿಂದ ಐದು ನಿಮಿಷದ ನಡಿಗೆ. ಅಲ್ಲಿಗೆ ಹೋಗಲು ಧೈರ್ಯ ಬರಲಿಲ್ಲ ಎಂಬುದೇ ನಿಜ. ಸಭೆಗೆ ನಾಲ್ಕು ದಿನ ಇರುವಾಗ ತಾತನ ಮಗಳು ಫೋನ್ ಮಾಡಿದಳು. ಎದೆನೋವೆಂದರಂತೆ, ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಹೋದರಂತೆ. ಆಗಲೇ ಮಣ್ಣು ಮಾಡಿಯಾಗಿತ್ತು.

ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ನೀರು ಬಿಡಿ ಎಂದವಳು ನಾನೇ, ಅವರು ಬೇಡವೆಂದರೂ ಒಪ್ಪಿಸಿದವಳು ನಾನೇ, ಅವರು ತೀರಿಕೊಂಡರು ಎಂದೂ ಹೇಳಿದೆ. "ಅಯ್ಯೋ ಪಾಪ. ಹೋಗ್ಲಿ ಬಿಡಿ ಮೇಡಂ, ಹಳೇ ವಿಷಯ" ಎಂದರು ಅಧ್ಯಕ್ಷರು. ಟೀಚರಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಅಷ್ಟು ವಯಸ್ಸಾದವರನ್ನ ನನ್ನ ಬಾಯಲ್ಲಿ ಕಳ್ಳ ಅನ್ನಿಸಿದ್ರಲ್ರೀ" ಎಂದರು. "ಈಗ ನಾನು ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?"

ಕುರ್ಚಿ ಸರಿಸಿ ಎದ್ದು ಹೊರಟುಹೋದರು. ಅಧ್ಯಕ್ಷರು ಬೀದಿ ದೀಪದ ವಿಷಯ ತೆಗೆದರು. ನಾನು ಕೂರಲೂ ಆಗದೆ, ಅವರ ಹಿಂದೆ ಹೋಗಲೂ ಆಗದೆ, ಎದ್ದು ನಿಂತಲ್ಲೇ ನಿಂತಿದ್ದೆ.